ಎಡಗಾಲಿಗೆ ಕೆಲಸ ಸಿಕ್ಕಿದ್ದು ಹೇಗೆ? ಡೊಳ್ಳಿನಿಂದ ಡ್ರಮ್ ಸೆಟ್‌ವರೆಗೆ ಒಂದು ಕಥೆ

ಜಾತ್ರೆಯ ರಾತ್ರಿ ರಸಮಂಜರಿ ನಡೆಯುವಾಗ ನಾವೆಲ್ಲ ಹಾಡುವವರನ್ನೇ ನೋಡುತ್ತೇವೆ. ಮುಂದಿನ ಸಲ ವೇದಿಕೆಯ ಹಿಂಭಾಗದಲ್ಲಿ ಡ್ರಮ್ ಸೆಟ್ ಇದ್ದರೆ, ಅದನ್ನು ಬಾರಿಸುವವರ ಎಡಗಾಲಿನ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಿ. ಎರಡು ಕೈ ಓಡಾಡುತ್ತಿರುತ್ತವೆ. ಬಲಗಾಲು ಪೆಡಲ್ ಒತ್ತಿ ದೊಡ್ಡ ಡ್ರಮ್ಮನ್ನು ಗುದ್ದುತ್ತಿರುತ್ತದೆ. ಎಡಗಾಲು ಮಾತ್ರ ಬಹಳ ಸಲ ಸುಮ್ಮನೆ ಕುಳಿತಿರುತ್ತದೆ, ಇಲ್ಲವೇ ಬಲಗಾಲು ಮಾಡಿದ್ದನ್ನೇ ಮಾಡುತ್ತಿರುತ್ತದೆ.

ಎಡಗಾಲಿನ ಕೆಳಗೆ ಇರುವುದು ಹೈಹ್ಯಾಟ್. ಒಂದು ಕಂಬಕ್ಕೆ ಮುಖಾಮುಖಿ ಸಿಕ್ಕಿಸಿದ ಎರಡು ಕಂಚಿನ ತಟ್ಟೆಗಳು. ಕಾಲು ಒತ್ತಿದರೆ ಎರಡೂ ಕೂಡಿ ‘ಚಿಕ್’ ಎನ್ನುತ್ತವೆ. ಕಾಲು ಸಡಿಲ ಬಿಟ್ಟು ಕೋಲಿನಿಂದ ಹೊಡೆದರೆ ‘ಛ್ಸ್ಸ್’ ಎಂದು ಹರಡುತ್ತವೆ. ಹಾಡಿನ ಲಯವನ್ನು ಕೊನೆಯವರೆಗೆ ಒಂದೇ ಹದದಲ್ಲಿ ಹಿಡಿದು ನಡೆಸಲು ಈ ‘ಚಿಕ್’ ಬೇಕು. ಕೈಗಳು ಏನೇ ಮಾಡಲಿ, ಬಲಗಾಲು ಎಲ್ಲೇ ಬೀಳಲಿ, ಎಡಗಾಲು ತನ್ನ ಲೆಕ್ಕ ತಪ್ಪಬಾರದು. ಡ್ರಮ್ ಕಲಿಸುವವರು ಇದನ್ನು ಎಡಗಾಲಿನ ಸ್ವಾತಂತ್ರ್ಯ ಎನ್ನುತ್ತಾರೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬಾರಿಸುವ ಹುಡುಗರಿಗೆ ಬರವಿಲ್ಲ. ಕೈ ಚುರುಕಾಗಿದೆ, ಲಯ ರಕ್ತದಲ್ಲಿದೆ. ಹಾಗಿದ್ದರೂ ಎಡಗಾಲು ಏಕೆ ಹಿಂದೆ ಬೀಳುತ್ತದೆ? ಇದಕ್ಕೆ ಉತ್ತರ ಹುಡುಗರ ಸೋಮಾರಿತನದಲ್ಲಿ ಸಿಗುವುದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ ಎಂದು ನಮಗೆ ಅನಿಸುತ್ತದೆ. ವಾದ್ಯ ಬಾರಿಸುವವನ ನಾಲ್ಕು ಅಂಗಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಕೆಲಸ ಸಿಕ್ಕಿದ್ದು ಎಡಗಾಲಿಗೆ. ಆ ಕೆಲಸ ನಮ್ಮ ಕಡೆ ಪೂರ್ತಿ ಬಂದು ತಲುಪುವ ಮೊದಲೇ ಕೈತಪ್ಪಿಯೂ ಹೋಯಿತು.

ನಮ್ಮ ವಾದ್ಯ, ನಮ್ಮ ಹೆಜ್ಜೆ

ಮೊದಲು ನಮ್ಮ ಊರಿನ ವಾದ್ಯಗಳಿಂದಲೇ ಶುರು ಮಾಡೋಣ. ಬೀರಪ್ಪನ ಗುಡಿಯ ಮುಂದೆ ಡೊಳ್ಳು, ಮೆರವಣಿಗೆಗೆ ಕರಡಿ ಮಜಲು, ಗೊಂದಲಿಗರ ಸಂಬಾಳ, ಎಲ್ಲ ಊರಲ್ಲೂ ಹಲಗೆ. ಇವುಗಳಲ್ಲಿ ಯಾವುದನ್ನೂ ಕುರ್ಚಿಯ ಮೇಲೆ ಕುಳಿತು ಬಾರಿಸುವುದಿಲ್ಲ. ಡೊಳ್ಳು ಕೊರಳಿಗೆ, ಹಲಗೆ ಹೆಗಲಿಗೆ, ಸಂಬಾಳ ಸೊಂಟಕ್ಕೆ. ಬಾರಿಸುವವನು ನಿಂತಿರುತ್ತಾನೆ, ನಡೆಯುತ್ತಾನೆ, ಕುಣಿಯುತ್ತಾನೆ.

ಡೊಳ್ಳಿನವರ ಕಾಲುಗಳನ್ನು ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಬಲಗೈಯಲ್ಲಿ ಕೋಲು, ಎಡಗೈಯ ಅಂಗೈ ಚರ್ಮದ ಮೇಲೆ. ಕೈಗಳ ಪೆಟ್ಟು ದುಪ್ಪಟ್ಟಾದರೂ ಹೆಜ್ಜೆ ದುಪ್ಪಟ್ಟಾಗುವುದಿಲ್ಲ. ಸುತ್ತಿನಲ್ಲಿ ಎಲ್ಲರ ಹೆಜ್ಜೆಯೂ ಒಂದೇ ಲೆಕ್ಕಕ್ಕೆ ಬೀಳುತ್ತದೆ, ಅದರ ಮೇಲೆ ಕೈಗಳು ಬೇರೆ ಬೇರೆ ಪೆಟ್ಟು ಹಾಕುತ್ತವೆ. ಅಂದರೆ ಕಾಲು ಒಂದು ಕೆಲಸ, ಕೈ ಇನ್ನೊಂದು ಕೆಲಸ. ಇವತ್ತು ಡ್ರಮ್ ಕ್ಲಾಸಿನಲ್ಲಿ ಫೀ ಕೊಟ್ಟು ಕಲಿಯುವ ಪಾಠದ ಅರ್ಧ ಭಾಗ ಇಲ್ಲೇ ಇದೆ.

ಒಂದು ವ್ಯತ್ಯಾಸವಿದೆ. ಡೊಳ್ಳಿನವನ ಕಾಲು ಲಯ ಹಿಡಿಯುತ್ತದೆಯೇ ಹೊರತು ವಾದ್ಯ ಬಾರಿಸುವುದಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿದರೆ ದನಿ ಬರುತ್ತದೆ, ಆದರೆ ಅದು ಎರಡೂ ಕಾಲಿನ ಹೆಜ್ಜೆಯ ಜೊತೆ ತಾನಾಗಿ ಬರುವ ದನಿ. ತಾಳ ಹಾಕಲು ಬೇರೆ ಮನುಷ್ಯ ಇರುತ್ತಾನೆ. ಕರಡಿ ಮಜಲಿನಲ್ಲಿ ಕರಡಿಯವರು ಬೇರೆ, ತಾಳದವರು ಬೇರೆ, ಸನಾದಿಯವರು ಬೇರೆ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಶ್ರೀಕೃಷ್ಣ ಪಾರಿಜಾತ ನಮ್ಮ ಹಳೆಯ ಗೋಕಾಕ ತಾಲ್ಲೂಕಿನ ಹೆಮ್ಮೆ. ಅದರ ಹಿಮ್ಮೇಳದಲ್ಲೂ ಪೇಟಿಗೆ ಒಬ್ಬರು, ತಬಲಾಕ್ಕೆ ಒಬ್ಬರು, ತಾಳಕ್ಕೆ ಒಬ್ಬರು. ಕೆಲಸ ಹಂಚಿಕೊಂಡಿತ್ತು, ಕೂಲಿಯೂ ಹಂಚಿಕೊಂಡಿತ್ತು. ಒಬ್ಬನೇ ನಾಲ್ಕು ಕೆಲಸ ಮಾಡುವ ಅಗತ್ಯವೇ ಇರಲಿಲ್ಲ.

ಲೆಫ್ಟ್ ರೈಟ್ ಲೆಫ್ಟ್

ಎಡಗಾಲಿಗೆ ಮೊದಲು ಮರ್ಯಾದೆ ಕೊಟ್ಟಿದ್ದು ಪಲ್ಟನ್ನು. ಆಗಸ್ಟ್ 15ರಂದು ಶಾಲೆಯ ಮೈದಾನದಲ್ಲಿ ಕವಾಯತು ಮಾಡಿದವರಿಗೆಲ್ಲ ಗೊತ್ತು, ಮೊದಲ ಹೆಜ್ಜೆ ಎಡಗಾಲಿನದು. ದೊಡ್ಡ ಡ್ರಮ್ಮಿನ ಜೋರು ಪೆಟ್ಟು ಬೀಳುವುದೂ ಎಡಗಾಲು ನೆಲಕ್ಕೆ ತಾಗುವಾಗಲೇ. ಸಾವಿರ ಜನ ನಡೆದರೂ ಹೆಜ್ಜೆ ತಪ್ಪದಿರಲಿ ಎಂಬುದು ಅದರ ಉದ್ದೇಶ.

ಈ ಪಲ್ಟನ್ ಬ್ಯಾಂಡಿಗೂ ಹಿಂದಿನ ಕಥೆಯಿದೆ. ದೊಡ್ಡ ಡ್ರಮ್ ಮತ್ತು ಝಾಂಜ್ ಜೋಡಿಯನ್ನು ಯುರೋಪಿನ ಸೈನ್ಯಗಳು 18ನೇ ಶತಮಾನದಲ್ಲಿ ತುರ್ಕಿ ಸುಲ್ತಾನರ ಸೈನ್ಯದ ವಾದ್ಯದವರನ್ನು ನೋಡಿ ಕಲಿತವು. ಬ್ರಿಟಿಷರು ಅದನ್ನು ಭಾರತಕ್ಕೆ ತಂದರು. ಬೆಳಗಾವಿಯಲ್ಲಿ ಅವರ ದಂಡು ಬೀಡುಬಿಟ್ಟಿತ್ತು. ಈಗಲೂ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇರುವುದು ಅಲ್ಲಿಯೇ. ದೇಶದ ಎಲ್ಲ ಕಡೆ ಇಂಥ ಪಲ್ಟನ್ ಬ್ಯಾಂಡಿನ ನಕಲಾಗಿಯೇ ಮದುವೆಯ ಬ್ಯಾಂಡ್ ಕಂಪನಿಗಳು ಹುಟ್ಟಿದವು. ಬ್ಯಾಂಡಿನವರು ತೊಡುವ ಬಣ್ಣದ ಕೋಟು, ಹೆಗಲ ಮೇಲಿನ ಜರಿ, ತಲೆಯ ಟೋಪಿ ನೋಡಿದರೆ ಸಾಕು, ಸಿಪಾಯಿಯ ವೇಷ ಎದ್ದು ಕಾಣುತ್ತದೆ.

ಈ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸೈಡ್ ಡ್ರಮ್ಮಿಗೆ ಒಬ್ಬ, ಝಾಂಜ್‌ಗೆ ಒಬ್ಬ, ಹೀಗೆ ಮೂವರು ಬೇಕು. ಈ ಮೂವರ ಲೆಕ್ಕ ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಮೂವರು ಒಬ್ಬರಾದ ಕಥೆ.

ಮೂವರ ಕೆಲಸ ಒಬ್ಬನಿಗೆ

ಡ್ರಮ್ ಸೆಟ್ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯೂ ಮೊದಲು ಇಂಥದೇ ಬೀದಿ ಬ್ಯಾಂಡುಗಳು ಇದ್ದವು. ಬೀದಿಯಲ್ಲಿ ಮೂರು ಜನ ಡ್ರಮ್ಮಿನವರು ನಡೆದರೆ ಅಡ್ಡಿಯಿಲ್ಲ. ಆದರೆ ನಾಟಕದ ಥಿಯೇಟರಿನಲ್ಲಿ, ಕುಣಿತದ ಹಾಲಿನಲ್ಲಿ ಜಾಗ ಕಡಿಮೆ, ಮಾಲೀಕನ ಕೈ ಬಿಗಿ. ಮೂವರಿಗೆ ಪಗಾರ ಕೊಡುವ ಬದಲು ಒಬ್ಬನಿಂದಲೇ ಕೆಲಸ ತೆಗೆಯುವ ಉಪಾಯ ಬೇಕಾಯಿತು. ಮೊದಮೊದಲು ಒಬ್ಬನೇ ಎರಡು ಡ್ರಮ್ ಹತ್ತಿರ ಇಟ್ಟುಕೊಂಡು ಕೈಯಲ್ಲೇ ಒಂದಾದ ಮೇಲೊಂದು ಹೊಡೆಯುತ್ತಿದ್ದ. ಆಮೇಲೆ ಕಾಲಿಗೆ ಕೆಲಸ ಹಚ್ಚುವ ಆಲೋಚನೆ ಬಂತು.

ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನಾಂಗದ ವಾದಕ ಡೀ ಡೀ ಚ್ಯಾಂಡ್ಲರ್ 1890ರ ದಶಕದಲ್ಲಿ ತಾನೇ ಮರದ ಪೆಡಲ್ ಮಾಡಿಕೊಂಡು ಬಾರಿಸುತ್ತಿದ್ದ ಎಂದು ಡ್ರಮ್ಮಿನ ಚರಿತ್ರೆ ಬರೆದವರು ಹೇಳುತ್ತಾರೆ. 1909ರಲ್ಲಿ ಶಿಕಾಗೋದ ವಿಲಿಯಂ ಲುಡ್ವಿಗ್ ಎಂಬ ಡ್ರಮ್ ವಾದಕ ವೇಗವಾಗಿ ಓಡುವ ಪೆಡಲ್ ತಯಾರಿಸಿ, ಅಣ್ಣತಮ್ಮಂದಿರು ಸೇರಿ ಮಾರಾಟಕ್ಕೆ ಇಳಿದರು. ಅಲ್ಲಿಗೆ ಬಲಗಾಲಿಗೆ ಕಾಯಂ ನೌಕರಿ ಸಿಕ್ಕಿತು. ದೊಡ್ಡ ಡ್ರಮ್ಮಿನವನ ನೌಕರಿ ಹೋಯಿತು.

ಎಡಗಾಲು ಇನ್ನೂ ಖಾಲಿ ಇತ್ತು. 1920ರ ದಶಕದಲ್ಲಿ ಝಾಂಜ್ ಬಾರಿಸುವವನ ಕೆಲಸವೂ ಕಾಲಿಗೆ ಬಂತು. ಮೊದಲು ಎರಡು ಹಲಗೆಗಳನ್ನು ಕೀಲಿನಿಂದ ಜೋಡಿಸಿ, ತುದಿಗೆ ತಟ್ಟೆ ಕಟ್ಟಿ, ಕಾಲಿನಿಂದ ಒತ್ತುತ್ತಿದ್ದರು. ಆಮೇಲೆ ಒಂದು ಅಡಿಯಷ್ಟು ಎತ್ತರದ ಸಣ್ಣ ಕಂಬ ಬಂತು. ಅದನ್ನು ಕಾಲಿನಿಂದ ಮಾತ್ರ ಬಾರಿಸಬಹುದಿತ್ತು, ಕೋಲು ಎಟುಕುತ್ತಿರಲಿಲ್ಲ. ಅದೇ ದಶಕದ ಕೊನೆಯ ಹೊತ್ತಿಗೆ ಕಂಬವನ್ನು ಸೊಂಟದ ಎತ್ತರಕ್ಕೆ ಏರಿಸಿದರು. ಅದೇ ಇವತ್ತಿನ ಹೈಹ್ಯಾಟ್.

ಎಡಗಾಲು ಕೆಲಸಕ್ಕೆ ಸೇರಿದ್ದು ಹೀಗೆ, ಕಲೆಗಿಂತ ಮೊದಲು ಪಗಾರದ ಲೆಕ್ಕಕ್ಕೆ. ಅದನ್ನು ಕಲೆಯಾಗಿ ಮಾಡಿದವರು ಆಮೇಲೆ ಬಂದರು. ಕೌಂಟ್ ಬೇಸಿಯವರ ಬ್ಯಾಂಡಿನಲ್ಲಿ ಬಾರಿಸುತ್ತಿದ್ದ ಜೋ ಜೋನ್ಸ್ 1930ರ ದಶಕದಲ್ಲಿ ಹೈಹ್ಯಾಟನ್ನು ತೆರೆದು ಮುಚ್ಚಿ ಇಡೀ ಹಾಡಿನ ಲಯವನ್ನು ಅದರ ಮೇಲೆಯೇ ನಡೆಸಿದರು. 1948ರಲ್ಲಿ ಜಿಮ್ ಚೇಪಿನ್ ಬರೆದ ಪಾಠದ ಪುಸ್ತಕ ಒಂದೊಂದು ಅಂಗವನ್ನೂ ಬೇರೆ ಬೇರೆಯಾಗಿ ಪಳಗಿಸುವ ವಿಧಾನವನ್ನು ಹೇಳಿಕೊಟ್ಟಿತು. ಮ್ಯಾಕ್ಸ್ ರೋಚ್ 1966ರಲ್ಲಿ ಡ್ರಮ್ ಒಂದನ್ನೇ ಬಾರಿಸಿ ಮುದ್ರಿಸಿದ ಒಂದು ತುಣುಕಿನಲ್ಲಿ ಮೂರು ಮಾತ್ರೆಯ ಲಯವನ್ನು ಕಾಲಿಗೇ ಒಪ್ಪಿಸಿಬಿಟ್ಟರು. ಒಂದಕ್ಕೆ ಬಲಗಾಲು, ಎರಡು ಮತ್ತು ಮೂರಕ್ಕೆ ಎಡಗಾಲು. ಅದರ ಮೇಲೆ ಕೈಗಳು ಮನಸ್ಸಿಗೆ ಬಂದಂತೆ ಮಾತಾಡಿದವು.

ಕಾಲಪೇಟಿಯ ಪಾಠ

ಹಾಗಾದರೆ ನಮ್ಮ ಕಡೆ ಕಾಲಿನಿಂದ ವಾದ್ಯ ನುಡಿಸಿದವರೇ ಇರಲಿಲ್ಲವೇ? ಇದ್ದರು. ಅವರು ಇದ್ದದ್ದು ಡ್ರಮ್ಮಿನ ಹಿಂದೆ ಅಲ್ಲ, ನಾಟಕ ಕಂಪನಿಯ ಪೇಟಿಯ ಹಿಂದೆ.

ಗೋಕಾಕ ತಾಲ್ಲೂಕಿನ ಕೊಣ್ಣೂರಿನ ನಾಟಕ ಕಂಪನಿ ಉತ್ತರ ಕರ್ನಾಟಕದ ಮೊದಲ ಸಾಲಿನ ವೃತ್ತಿ ಕಂಪನಿಗಳಲ್ಲಿ ಒಂದು. ಕಂಪನಿ ನಾಟಕಗಳ ಕಾಲದಲ್ಲಿ ಮೇಜಿನಷ್ಟು ಎತ್ತರದ ಕಾಲಪೇಟಿ ಬಳಕೆಯಲ್ಲಿತ್ತು. ಲೆಗ್ ಹಾರ್ಮೋನಿಯಂ ಎಂದೂ ಕರೆಯುತ್ತಿದ್ದರು. ಹಾರ್ಮೋನಿಯಂ ಯುರೋಪಿನಿಂದ ಬಂದಾಗ ಕಾಲಿನಿಂದ ಗಾಳಿ ಹಾಕುವ ವಾದ್ಯವೇ ಆಗಿತ್ತು. ಕೂತು ಒಂದು ಕೈಯಿಂದ ಗಾಳಿ ಹಾಕುವ ಇವತ್ತಿನ ಕೈಪೇಟಿಯನ್ನು ಕಲಕತ್ತಾದ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ರೂಪಿಸಿದರು.

ಕಾಲಪೇಟಿಯ ಮಾಸ್ತರರು ಎರಡೂ ಕೈಗಳಿಂದ ಸ್ವರ ನುಡಿಸಬೇಕು, ಎರಡೂ ಕಾಲುಗಳಿಂದ ಸರದಿಯಂತೆ ಗಾಳಿ ತುಂಬಬೇಕು. ಇದರಲ್ಲಿ ಒಂದು ಕಷ್ಟವಿದೆ. ಕೈ ಜೋರಾಗಿ ಓಡಿತೆಂದು ಕಾಲೂ ಜೋರಾಗಿ ಒತ್ತಿದರೆ ದನಿ ಕುಲುಕುತ್ತದೆ. ಕೈ ನಿಂತಿತೆಂದು ಕಾಲು ನಿಂತರೆ ದನಿ ಸಾಯುತ್ತದೆ. ಆದ್ದರಿಂದ ಕಾಲು ಕೈಯನ್ನು ನಂಬಬಾರದು, ತನ್ನ ಉಸಿರನ್ನೇ ನಂಬಿ ನಡೆಯಬೇಕು. ಒಳ್ಳೆಯ ಹೈಹ್ಯಾಟ್ ಕಾಲಿಗೂ ಬೇಕಾಗಿರುವ ಗುಣ ಇದೇ. ಹೊಲಿಗೆ ಮಷೀನಿನ ಮುಂದೆ ಕುಳಿತ ನಮ್ಮ ದರ್ಜಿಗಳ ಕಾಲಿನಲ್ಲೂ ಇದರ ಒಂದು ಅಂಶ ಕಾಣುತ್ತದೆ. ಕೈ ಬಟ್ಟೆಯನ್ನು ತಿರುಗಿಸುತ್ತಿರುವಾಗ ಕಾಲು ತನ್ನ ಪಾಡಿಗೆ ತುಳಿಯುತ್ತಿರುತ್ತದೆ.

ಕಂಪನಿಗಳು ಕಡಿಮೆಯಾದ ಹಾಗೆ ಕಾಲಪೇಟಿಯೂ ಮೂಲೆ ಸೇರಿತು. ಕಾಲಿನ ಆ ವಿದ್ಯೆ ಅದರ ಜೊತೆಯೇ ಹೋಯಿತು.

ಪ್ಯಾಡ್ ಬಂತು, ಕಾಲು ಕೆಳಗಿಳಿಯಿತು

ಡ್ರಮ್ ಸೆಟ್ಟಿನ ದನಿ ನಮ್ಮ ಹಳ್ಳಿಗಳಿಗೆ ಬಂದದ್ದು ಸಿನಿಮಾ ಹಾಡಿನ ಮೂಲಕ. ಮುಂಬಯಿಯ ಸ್ಟುಡಿಯೋಗಳಲ್ಲಿ ಆ ವಾದ್ಯ ನುಡಿಸುತ್ತಿದ್ದವರಲ್ಲಿ ಬಹಳ ಜನ ನಮ್ಮ ನೆರೆಯ ಗೋವಾದವರು. ಇಗರ್ಜಿ ಶಾಲೆಗಳಲ್ಲಿ ಪಾಶ್ಚಾತ್ಯ ಸಂಗೀತ ಕಲಿತು ಮುಂಬಯಿ ಸೇರಿದವರು. ಸಿನಿಮಾ ಹಾಡು ಹೇಳುವ ಆರ್ಕೆಸ್ಟ್ರಾಗಳು ಜಿಲ್ಲೆ ಜಿಲ್ಲೆಯಲ್ಲಿ ಹುಟ್ಟಿದಾಗ ಡ್ರಮ್ ಸೆಟ್ ಕೂಡ ವೇದಿಕೆ ಏರಿತು. ಆದರೆ ಅದು ದುಬಾರಿ, ಭಾರ, ಒಂದು ಟೆಂಪೋದಲ್ಲಿ ಅರ್ಧ ಜಾಗ ತಿನ್ನುವ ವಾದ್ಯ.

1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಆಕ್ಟಾಪ್ಯಾಡ್ ಬಿಡುಗಡೆ ಮಾಡಿತು. ಎಂಟು ರಬ್ಬರ್ ಚೌಕ, ಒಂದು ಸ್ಟ್ಯಾಂಡು, ಎರಡು ಕೋಲು. ಡ್ರಮ್ಮು, ಢೋಲಕ್, ತಾಳ, ಝಾಂಜ್, ಯಾವ ದನಿ ಬೇಕಾದರೂ ಕರೆಂಟಿನಿಂದ ತೆಗೆಯಬಹುದು. ಮೋಟರ್ ಸೈಕಲ್ ಮೇಲೆ ಕಟ್ಟಿಕೊಂಡು ಹೋಗಬಹುದು. ನಮ್ಮ ರಸಮಂಜರಿ ತಂಡಗಳಿಗೆ ಇದಕ್ಕಿಂತ ಅನುಕೂಲ ಏನಿದೆ? ಬಹುತೇಕ ತಂಡಗಳು ಪ್ಯಾಡಿಗೆ ಬದಲಾದವು.

ಪ್ಯಾಡಿನಲ್ಲಿ ದೊಡ್ಡ ಡ್ರಮ್ಮಿನ ಪೆಟ್ಟೂ ಕೈಯದೇ, ಹೈಹ್ಯಾಟಿನ ‘ಚಿಕ್’ ಕೂಡ ಕೈಯದೇ. ಪೆಡಲ್ ಸೇರಿಸುವ ಸೌಕರ್ಯ ಇದ್ದರೂ ಕೈಯಲ್ಲೇ ಕೆಲಸ ಮುಗಿಯುವಾಗ ಅದನ್ನು ಹುಡುಕುವವರು ಕಡಿಮೆ. ಹೀಗಾಗಿ ಒಂದು ತಲೆಮಾರಿನ ಹುಡುಗರು ಪೂರ್ತಿ ಕೈಯಿಂದಲೇ ಕಲಿತರು. ಅಂಥವರು ಈಗ ನಿಜವಾದ ಡ್ರಮ್ ಸೆಟ್ಟಿನ ಮುಂದೆ ಕುಳಿತರೆ ಕೈ ಎಲ್ಲ ಬಲ್ಲದು, ಕಾಲು ಮೊದಲನೇ ಇಯತ್ತೆಯಲ್ಲಿದೆ. ದೋಷ ಅವರದಲ್ಲ. ಡೊಳ್ಳಿನ ಹೆಜ್ಜೆ ಬಿಟ್ಟು ಬಂದರು, ಪೆಡಲ್ಲಿನ ಅಭ್ಯಾಸ ಸಿಗಲೇ ಇಲ್ಲ.

ಆಮೇಲೆ ಡಿಜೆ ಬಂತು. ಅದಕ್ಕೆ ಕಾಲೂ ಬೇಡ, ಕೈಯೂ ಬೇಡ. ಅಮೆರಿಕದಲ್ಲಿ ಪೆಡಲ್ ಬಂದು ಇಬ್ಬರನ್ನು ಮನೆಗೆ ಕಳಿಸಿದ ಹಾಗೆ, 1927ರ ನಂತರ ಮಾತಾಡುವ ಸಿನಿಮಾ ಬಂದು ಥಿಯೇಟರಿನ ವಾದ್ಯದವರನ್ನು ಬೀದಿಗೆ ಇಳಿಸಿದ ಹಾಗೆ, ಇಲ್ಲಿ ಡಿಜೆ ಬ್ಯಾಂಡ್ ಕಂಪನಿಯ ಇಡೀ ತಂಡದ ಹೊಟ್ಟೆಗೆ ಕೈ ಹಾಕಿತು. ಮದುವೆ ಸೀಸನ್ನಿನಲ್ಲಿ ಕೆಲಸವಿಲ್ಲದೆ ಕೂರುವ ಬ್ಯಾಂಡಿನವರನ್ನು ನೀವೂ ನೋಡಿರುತ್ತೀರಿ.

ಇನ್ನೊಂದು ಮಾತನ್ನೂ ಹೇಳಬೇಕು. ಹಲಗೆ ಬಾರಿಸುವುದು ಬಹಳ ಕಾಲ ಕಲೆಯೆಂದು ಲೆಕ್ಕಕ್ಕೇ ಬರಲಿಲ್ಲ. ಅದು ದಲಿತರ ಮೇಲೆ ಹೊರಿಸಿದ ಚಾಕರಿಯಾಗಿತ್ತು. ಗುಡಿಯ ಹೊರಗೆ ನಿಂತು ಬಾರಿಸಬೇಕು, ಒಳಗೆ ಕಾಲಿಡಬಾರದು. ಆ ಅವಮಾನ ಸಾಕೆಂದು ಹಲಗೆಯನ್ನು ಕೆಳಗಿಟ್ಟ ಮನೆತನಗಳೂ ಇವೆ, ಅವರ ನಿರ್ಧಾರ ಸರಿಯಾಗಿಯೇ ಇತ್ತು. ಅಂಥ ಮನೆಯ ಮೊಮ್ಮಗ ಇವತ್ತು ವೇದಿಕೆಯ ಮೇಲೆ, ಎಲ್ಲರ ಎದುರು, ಕುಳಿತು ಡ್ರಮ್ ಬಾರಿಸುತ್ತಾನೆ ಎಂದರೆ ಅದು ಸಣ್ಣ ಬದಲಾವಣೆಯಲ್ಲ. ಆ ಕುರ್ಚಿ ಅವನಿಗೆ ಉಳಿಯಬೇಕಾದರೆ, ಮಷೀನಿಗೆ ಬಾರದ ಕೆಲಸ ಅವನಿಗೆ ಬರಬೇಕು. ಹಾಡುವವರು ಉಸಿರು ಎಳೆದಾಗ ಹೈಹ್ಯಾಟನ್ನು ಅರ್ಧ ತೆರೆಯುವುದು, ಪಲ್ಲವಿಗೆ ಮರಳುವಾಗ ಬಿಗಿ ಮಾಡುವುದು, ಇಂಥವು ಎಡಗಾಲಿನ ಕೆಲಸಗಳು. ಮೊದಲೇ ಮುದ್ರಿಸಿಟ್ಟ ಟ್ರ್ಯಾಕಿಗೆ ಎದುರಿನ ಹಾಡುಗಾರ ಕಾಣಿಸುವುದಿಲ್ಲ.

ಎಡಗಾಲು ಕಲಿಯುವುದು ಹೇಗೆ?

ಹಳೆಯ ಬುಲೆಟ್ ಗಾಡಿ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅದನ್ನು ಬಿಟ್ಟು ಬೇರೆ ಗಾಡಿ ಹತ್ತಿದ ಮೊದಲ ವಾರ ಬ್ರೇಕ್ ಒತ್ತಲು ಹೋಗಿ ಗೇರು ಒತ್ತುತ್ತಿದ್ದರು. ಒಂದು ತಿಂಗಳಲ್ಲಿ ಕಾಲು ತಾನೇ ಕಲಿತುಬಿಡುತ್ತಿತ್ತು. ಡ್ರಮ್ಮಿನಲ್ಲೂ ಹಾಗೆಯೇ. ಕಾಲಿಗೆ ಬುದ್ಧಿ ಹೇಳಿದರೆ ಸಾಲದು, ನಿಧಾನವಾಗಿ ಮತ್ತೆ ಮತ್ತೆ ಮಾಡಿಸಬೇಕು.

ಇದಕ್ಕೆ ಡ್ರಮ್ ಸೆಟ್ ಬೇಕೆಂದೇನಿಲ್ಲ, ಒಂದು ಕುರ್ಚಿ ಸಾಕು. ಭಜನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕೆಹರವಾ ತಾಳದ ಎಂಟು ಮಾತ್ರೆ ತೆಗೆದುಕೊಳ್ಳಿ: ಧಾ ಗೆ ನ ತಿ, ನ ಕ ಧಿ ನ. ಮೊದಲು ಬಾಯಲ್ಲಿ ಹೇಳಿ. ಎಡಗಾಲಿನ ಹಿಮ್ಮಡಿ ನೆಲದ ಮೇಲೇ ಇರಲಿ, ಮುಂಗಾಲು ಮಾತ್ರ ಏಳಲಿ, ಬೀಳಲಿ. ಮೊದಲ ಕೆಲವು ದಿನ 1 ಮತ್ತು 5ನೇ ಮಾತ್ರೆಗೆ ಮುಂಗಾಲು ಬೀಳಲಿ. ಇದು ಸುಲಭ, ಎಲ್ಲರ ಕಾಲೂ ಅಲ್ಲಿಗೇ ಬೀಳುತ್ತದೆ.

ಆಮೇಲೆ ಜಾಗ ಬದಲಿಸಿ 3 ಮತ್ತು 7ನೇ ಮಾತ್ರೆಗೆ ಹಾಕಿ. ನಿಜವಾದ ಪಾಠ ಶುರುವಾಗುವುದು ಇಲ್ಲಿ. ಬಾಯಿ ‘ಧಾ’ ಎಂದಾಗ ಕಾಲು ಸುಮ್ಮನಿರಬೇಕು. ಅದು ಹದಕ್ಕೆ ಬಂದ ಮೇಲೆ ಬಲಗೈಯಿಂದ ತೊಡೆಯ ಮೇಲೆ ಎಂಟೂ ಮಾತ್ರೆ ತಟ್ಟಿ. ನಂತರ ಬಲಗಾಲನ್ನು 1ನೇ ಮಾತ್ರೆಗೆ ಸೇರಿಸಿ. ಅದಾದ ಮೇಲೆ ಬಲಗಾಲನ್ನು 1 ಮತ್ತು 4ಕ್ಕೆ ಹಾಕಿ ನೋಡಿ. ಎಡಗಾಲು ಅದರ ಹಿಂದೆ ಓಡಿದರೆ ಅಲ್ಲೇ ನಿಲ್ಲಿಸಿ, ವೇಗ ಅರ್ಧ ಮಾಡಿ, ಮತ್ತೆ ಬಾಯಿಂದಲೇ ಶುರು ಮಾಡಿ. ದಿನಕ್ಕೆ ಹತ್ತು ನಿಮಿಷ ತಪ್ಪದೆ ಮಾಡುವುದು ವಾರಕ್ಕೊಮ್ಮೆ ಎರಡು ತಾಸು ಕೂರುವುದಕ್ಕಿಂತ ಮೇಲು.

ದಾದರಾದ ಆರು ಮಾತ್ರೆಗೆ ಮ್ಯಾಕ್ಸ್ ರೋಚ್ ಅವರ ಲೆಕ್ಕವನ್ನೇ ಹಿಡಿಯಬಹುದು. ಧಾ ಧಿ ನಾ, ಧಾ ತಿ ನಾ. ಪ್ರತಿ ‘ಧಾ’ಗೆ ಬಲಗಾಲು, ಉಳಿದ ಎರಡಕ್ಕೂ ಎಡಗಾಲು.

ಹೈಹ್ಯಾಟ್ ಸಿಕ್ಕವರಿಗೆ ಒಂದು ಸೂಚನೆ. ಕಾಲು ಸರಿಯಾಗಿ ಒತ್ತಿದರೂ ‘ಚಿಕ್’ ಮಂಕಾಗಿದ್ದರೆ ತಪ್ಪು ಕಾಲಿನದೇ ಇರಬೇಕೆಂದಿಲ್ಲ. ಎರಡು ತಟ್ಟೆ ಪೂರ್ತಿ ಸಮವಾಗಿ ಕೂಡಿದರೆ ನಡುವೆ ಗಾಳಿ ಸಿಕ್ಕಿಕೊಂಡು ದನಿ ಸಾಯುತ್ತದೆ. ಕೆಳಗಿನ ತಟ್ಟೆಯನ್ನು ತುಸು ಓರೆ ಮಾಡಲು ಬಹಳಷ್ಟು ಸ್ಟ್ಯಾಂಡುಗಳಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ಸ್ವಲ್ಪ ತಿರುಗಿಸಿ ನೋಡಿ.

ಇನ್ನೂ ಒಂದು ಮಾತು. ಸಂಕೇಶ್ವರದ ಶಂಕರಲಿಂಗ ದೇವರ ಜಾತ್ರೆಯಿರಲಿ, ಮೂಡಲಗಿಯ ಶಿವಬೋಧರಂಗ ಮಠದ ಉತ್ಸವವಿರಲಿ, ನಿಮ್ಮೂರ ಬೀರಪ್ಪನ ಗುಡಿಯಿರಲಿ, ಡೊಳ್ಳು ಕರಡಿ ಬಾರಿಸುವ ಹಿರಿಯರು ಕಂಡರೆ ಮೊಬೈಲಿನಲ್ಲಿ ವಿಡಿಯೋ ಹಿಡಿಯುವಾಗ ಕೈಯನ್ನಷ್ಟೇ ಹಿಡಿಯಬೇಡಿ, ಪಾದವೂ ಬರಲಿ. ಮನೆಗೆ ಬಂದು ದನಿ ತೆಗೆದು ನೋಡಿ. ಕೈ ಎಷ್ಟು ಸಲ ಬದಲಾಯಿತು, ಹೆಜ್ಜೆ ಎಷ್ಟು ಸಲ ಬದಲಾಯಿತು ಎಂದು ಎಣಿಸಿ. ಮರುದಿನ ಅವರ ಹತ್ತಿರ ಹೋಗಿ, ‘ಕಾಕಾ, ಕಾಲು ಹೆಂಗ ಹಿಡೀತೀರಿ?’ ಎಂದು ಕೇಳಿ. ಬಾಯಲ್ಲಿ ಹೇಳಲು ಅವರಿಗೆ ಆಗಲಿಕ್ಕಿಲ್ಲ, ಎದ್ದು ನಿಂತು ತೋರಿಸುತ್ತಾರೆ. ನೀವೂ ಪಕ್ಕದಲ್ಲಿ ನಿಂತು ಎಡಗಾಲು ಎತ್ತಿ.